ಅಶೋಕಕುಮಾರ ಒತ್ತದ ಬಟನ್

ಹುಮನಾಬಾದಿನ ಅಶೋಕಕುಮಾರ ಕುಳಿತು ಚಹಾ ಕುಡಿದದ್ದನ್ನು ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ನೋಡಿಲ್ಲ. ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್, ಕಣ್ಣು ಮಾತ್ರ ಮಷಿನ್ನಿನ ಹಿಂದಿನ ವೈರುಗಳ ಮೇಲೆ. ಅರ್ಧ ಕಪ್ಪು ಹಾಗೆಯೇ ಆರಿಹೋಗುತ್ತಿತ್ತು. ಕೂಡ್ರು ಮಾರಾಯಾ ಎಂದರೆ, "ಬಸ್ ಹೋಗ್ತದರಿ ಅಣ್ಣಾವ್ರೇ" ಎನ್ನುವನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮನುಷ್ಯ.

ಅವನ ಊರು ಚಿಟಗುಪ್ಪದ ಕಡೆಯ ಕೊಡಂಬಲ. ಅಪ್ಪ ಮಾಣಿಕಪ್ಪ ಮಂದಿಯ ಹೊಲದಲ್ಲಿ ದುಡಿದು ಮಗನಿಗೆ ಐಟಿಐ ಓದಿಸಿದ. ಮಗ ಮೊದಲು ಟಿ.ವಿ. ರಿಪೇರಿ ಮಾಡಿದ, ಆಮೇಲೆ ಕಂಪ್ಯೂಟರಿಗೆ ಬಂದ. ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರಿಗೆ ಎಂಟು ಅಡಿ ಅಗಲದ ಅಂಗಡಿ. ಮುಂದೆ ಹೆಂಡತಿ ಜಗದೇವಿ ಕುಳಿತು ಮೊಬೈಲ್ ಕವರ್, ಚಾರ್ಜರ್ ಮಾರುತ್ತಾಳೆ. ಹಿಂದೆ ಇವನು, ಹೊಟ್ಟೆ ಬಿಚ್ಚಿಟ್ಟ ನಾಲ್ಕಾರು ಮಷಿನ್ನುಗಳ ನಡುವೆ ನಿಂತಿರುತ್ತಾನೆ. ಅಲ್ಲಿಯೂ ಕುರ್ಚಿ ಇಲ್ಲ. ಬಸವಕಲ್ಯಾಣ, ಚಿಟಗುಪ್ಪ, ಹಳ್ಳಿಗಳ ಶಾಲೆ, ಎಲ್ಲಿಂದ ಫೋನ್ ಬಂದರೂ ಹೆಗಲಿಗೆ ಚೀಲ ಏರಿಸಿ ಬಸ್ ಹತ್ತುವನು. ಈ ಕೆಲಸಕ್ಕೆ ಬೋರ್ಡು ಬೇಡ, ಹೆಸರು ಬೇಕು. ನಮ್ಮ ಮಷಿನ್ನಿನೊಳಗೆ ಏನಿದೆ ಎಂದು ನಮಗೆ ಗೊತ್ತಿರುವುದಿಲ್ಲ, ಬಿಚ್ಚಿದವನ ಮೇಲೆ ನಂಬಿಕೆ ಇಟ್ಟು ಬಿಟ್ಟುಬರುತ್ತೇವೆ. ಆ ನಂಬಿಕೆ ಹೋಯಿತೆಂದರೆ ಅಂಗಡಿ ಮುಚ್ಚಿದ ಹಾಗೆಯೇ.

ಆ ಹೆಸರಿಗೆ ನಾನು ಮಣ್ಣು ಹಾಕಿದೆ. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಶರಣಕುಮಾರ. ಬಸವಕಲ್ಯಾಣದಲ್ಲಿ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಮಕ್ಕಳ ಜವಳದ ಕಾರ್ಡು, ಸತ್ತವರ ಪುಣ್ಯತಿಥಿಯ ಹಾಳೆ, ಎಲ್ಲವೂ ನನ್ನಲ್ಲೇ ತಯಾರಾಗುತ್ತವೆ. ಸಿಟ್ಟು ಮೂಗಿನ ತುದಿಯಲ್ಲಿ ಇರುತ್ತದೆ ಎನ್ನುತ್ತಾರಲ್ಲ, ನನ್ನದು ಅದಕ್ಕಿಂತ ಎರಡು ಬೆರಳು ಮುಂದೆಯೇ ಇರುತ್ತದೆ.

ಮುಂಜಾನೆ ಅಂಗಡಿ ತೆರೆದ ಕೂಡಲೇ ನನ್ನ ಮೊದಲ ಕೆಲಸ ವಿಭೂತಿ. ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಮೊದಲು ರೊಕ್ಕದ ಗಲ್ಲೆಗೆ, ನಂತರ ಪ್ರಿಂಟಿಂಗ್ ಮಷಿನ್ನಿಗೆ, ಕೊನೆಗೆ ಕಂಪ್ಯೂಟರಿನ ಡಬ್ಬಿಯ ಮುಖಕ್ಕೆ ಎಳೆಯುತ್ತೇನೆ. ಡಬ್ಬಿಯ ಮುಖದ ನಟ್ಟನಡುವೆ ದುಂಡನೆಯ ಬಟನ್ ಇದ್ದದ್ದರಿಂದ ನಡುವಿನ ಗೆರೆ ಸರಿಯಾಗಿ ಅದರ ಮೇಲೆಯೇ ಹಾಯುತ್ತಿತ್ತು. ನಿನ್ನೆಯದನ್ನು ಒರೆಸುವ ಪದ್ಧತಿ ನನ್ನಲ್ಲಿಲ್ಲ; ಅದರ ಮೇಲೆಯೇ ಇವತ್ತಿನದು. ಸೋಮವಾರ ಸ್ವಲ್ಪ ದಪ್ಪ. ಆಮೇಲೆ ಕೈ ಮುಗಿದು ಆ ಬಟನ್ ಒತ್ತುತ್ತೇನೆ. ಈ ಡಬ್ಬಿ ಬಂದು ಏಳು ವರ್ಷ, ಏಳು ವರ್ಷವೂ ಹೀಗೆಯೇ ನಡೆದಿತ್ತು.

ಯುಗಾದಿ ಮುಗಿದ ವಾರ, ಮದುವೆಗಳ ಹಂಗಾಮು, ಲಗ್ನಸರಾಯಿಯ ಜೋರು. ಬಟನ್ ಒತ್ತಿದೆ. ಫ್ಯಾನ್ ಗರ್ರೆಂದಿತು, ದೀಪ ಹತ್ತಿತು. ಒಂದು, ಎರಡು, ಮೂರು, ನಾಲ್ಕು. ಆರಿಹೋಯಿತು. ಡಬ್ಬಿಯ ತಲೆಗೆ ಒಂದು ಏಟು ಹಾಕಿ ಮತ್ತೆ ಒತ್ತಿದೆ. ಮತ್ತೆ ನಾಲ್ಕು ಎಣಿಸುವಷ್ಟರಲ್ಲಿ ಆರಿತು. ಇನ್ನೂ ಒಂದು ಏಟು ಹಾಕಿದೆ. ಎದುರಿಗೆ ನಾರಾಯಣಪುರದ ರುಕ್ಮಿಣಿಬಾಯಿ ಕುಳಿತಿದ್ದರು. ಮೊಮ್ಮಗಳ ಲಗ್ನಪತ್ರಿಕೆ ಆ ಮಷಿನ್ನಿನೊಳಗೆ ಇತ್ತು, ಅದಕ್ಕೆ ಮೂರು ಜನ ಸೋದರಮಾವಂದಿರ ಹೆಸರು ಸೇರಿಸಬೇಕಾಗಿತ್ತು.

"ಯಾಕಪ್ಪಾ, ನಮ್ಮ ಮಾವಂದಿರ ಹೆಸರು ಕೇಳಿ ಅಂಜತೇನು ಅದು?" ಎಂದರು ಮುದುಕಿ.

ನಾನು ಅಶೋಕಕುಮಾರನಿಗೆ ಫೋನ್ ಹಚ್ಚಿದೆ. "ಅಶೋಕಾ, ಮಷಿನ್ ಏಳವಲ್ಲದು. ಎದ್ದು ನಾಕ ಎಣಸೂದ್ರಾಗ ಬೀಳಾಕತ್ತದ."

"ಫೋನ್ ಡಬ್ಬಿ ಹತ್ರ ಹಿಡೀರಿ. ಸಪ್ಪಳ ಕೇಳಸ್ರಿ" ಎಂದ. ಕೇಳಿಸಿದೆ. "ಹಂಗಾದ್ರ ಬಂದೆ" ಎಂದ.

ಒಂದೂವರೆ ತಾಸಿನಲ್ಲಿ ಬಂದ. ಚಪ್ಪಲಿ ಹೊರಗೆ ಬಿಟ್ಟು, ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಬಟನ್ನಿನಿಂದ ಒಳಗೆ ಬರುವ ಸಣ್ಣ ವೈರನ್ನು ಕಿತ್ತ. ಆ ವೈರು ಕೂಡುವ ಜಾಗದಲ್ಲಿ ಎರಡು ಸೂಜಿಯಂಥ ತಂತಿಗಳಿವೆ. ಅವಕ್ಕೆ ಸ್ಕ್ರೂಡ್ರೈವರಿನ ತುದಿ ತಾಗಿಸಿದರೆ ಬಟನ್ ಒತ್ತಿದ ಹಾಗೆಯೇ. ಅವನು ಯಾವಾಗಲೂ ಮಷಿನ್ ಎಬ್ಬಿಸುತ್ತಿದ್ದದ್ದು ಹಾಗೆಯೇ. ಅವನ ಆ ಕೈಚಳಕವನ್ನು ನಾನು ಗಿರಾಕಿಗಳಿಗೆ ತೋರಿಸಿ, ನೋಡ್ರಿ ನಮ್ಮ ಮಿಸ್ತ್ರಿ ಬಟನ್ ಇಲ್ಲದೆ ಚಾಲೂ ಮಾಡುತ್ತಾನೆ ಎಂದು ಹೆಮ್ಮೆಪಡುತ್ತಿದ್ದೆ. ಅವತ್ತೂ ತಾಗಿಸಿದ. ಮಷಿನ್ ಎದ್ದಿತು. ನಾಲ್ಕಲ್ಲ, ನಾನೂರು ಎಣಿಸಿದರೂ ಬೀಳಲಿಲ್ಲ.

"ರ‍್ಯಾಮ್ ಮ್ಯಾಲ ಧೂಳ ಕುಂತಿರ್ತದರಿ" ಎಂದು ಆ ಉದ್ದನೆಯ ಪಟ್ಟಿಯನ್ನು ತೆಗೆದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಲ್ಲು ತಿಕ್ಕಿ ಮತ್ತೆ ಕೂಡಿಸಿದ. ವೈರು ಹಚ್ಚಿ, ತಗಡು ಮುಚ್ಚಿ ಬಸ್ಸಿಗೆ ಓಡಿದ. ಸಂಜೆಯವರೆಗೆ ಕೆಲಸ ಮಾಡಿದೆ. ಮರುದಿನ ಮುಂಜಾನೆ ವಿಭೂತಿ ಹಚ್ಚಿ ಕೈ ಮುಗಿದು ಒತ್ತಿದೆ. ನಾಲ್ಕು ಎಣಿಕೆ, ಮತ್ತೆ ಕತ್ತಲೆ.

ಮತ್ತೆ ಬಂದ. ಪವರ್ ಸಪ್ಲೈ ಬದಲಿಸಿ, ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಓಡಿದ. ಮರುದಿನ ಅದೇ ಹಾಡು. ಮೂರನೆಯ ಸಲ ಬಂದಾಗ ಚಹಾದ ಕಪ್ಪನ್ನೇ ಮುಟ್ಟಲಿಲ್ಲ. "ಇದ ನನ್ನ ಮಾನಾ ತೆಗ್ಯಾಕತ್ತದರಿ" ಎಂದು ಡಬ್ಬಿಯನ್ನು ಚಾದರದಲ್ಲಿ ಕಟ್ಟಿಕೊಂಡು ಹುಮನಾಬಾದಿಗೆ ಒಯ್ದ. ಅಲ್ಲಿ ಎರಡು ದಿನ ಬಿಡದೇ ನಡೆಯಿತಂತೆ. ತಾಸಿಗೊಮ್ಮೆ ಫೋನ್ ಮಾಡುತ್ತಿದ್ದ: "ನಡ್ಯಾಕತ್ತದರಿ ಅಣ್ಣಾವ್ರೇ, ಕುದುರೀ ಓಡಿದಂಗ ಓಡಾಕತ್ತದ." ಮೂರನೆಯ ದಿನ ತಂದುಕೊಟ್ಟ, ನನ್ನ ಮುಂದೆಯೇ ಒಳಗಿನಿಂದ ಎಬ್ಬಿಸಿ ತೋರಿಸಿದ. ಆ ಮಧ್ಯಾಹ್ನ ರುಕ್ಮಿಣಿಬಾಯಿಯವರು ಇನ್ನೂ ಇಬ್ಬರು ಅತ್ತೆಯಂದಿರನ್ನು ನೆನಪಿಸಿಕೊಂಡರು. ಅವರ ಹೆಸರು ಸೇರಿಸುವಷ್ಟರಲ್ಲಿ ಕರೆಂಟು ಹೋಯಿತು. ಮುಂಜಾನೆ ವಿಭೂತಿ ಹಚ್ಚಿದೆ, ಒತ್ತಿದೆ. ಮತ್ತೆ ಅದೇ ನಾಲ್ಕು ಎಣಿಕೆ.

ಈಗ ನನ್ನ ತಲೆ ಓಡತೊಡಗಿತು. ಓಡಬಾರದ ದಾರಿಯಲ್ಲಿ ಓಡಿತು. ಅವನ ಅಂಗಡಿಯಲ್ಲಿ ನಡೆಯುತ್ತದೆ, ನನ್ನಲ್ಲಿ ಬೀಳುತ್ತದೆ. ಹಾಗಾದರೆ ಅವನ ಅಂಗಡಿಯಲ್ಲಿ ಇದ್ದದ್ದು, ನನ್ನಲ್ಲಿ ಇಲ್ಲದ್ದು ಏನು? ರ‍್ಯಾಮ್. ನನ್ನ ಒಳ್ಳೆಯ ರ‍್ಯಾಮ್ ತೆಗೆದುಕೊಂಡು ಹಾಳಾದದ್ದು ಹಾಕಿದ್ದಾನೆ. ಪಕ್ಕದ ಝೆರಾಕ್ಸ್ ಅಂಗಡಿಯ ಬಂದೇನವಾಜ್‌ಗೆ ಹೇಳಿದೆ.

"ತೌಬಾ, ಶರಣಣ್ಣಾ. ಅವ ಅಂಥಾ ಆದ್ಮಿ ಅಲ್ಲ" ಎಂದ ಬಂದೇನವಾಜ್. "ಸಿಟ್ಟನ್ಯಾಗ ಹೋಗಬ್ಯಾಡ್ರಿ. ಒಂದ್ ರೋಜ್ ತಡೀರಿ."

ತಡೆದರೆ ನಾನು ನಾನಾಗುವುದು ಹೇಗೆ? ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಸಸ್ತಾಪುರ ಬಂಗ್ಲಾ ದಾಟುವಷ್ಟರಲ್ಲಿ ಏನೇನು ಅನ್ನಬೇಕೋ ಎಲ್ಲವನ್ನೂ ಮನಸ್ಸಿನಲ್ಲಿ ಎರಡೆರಡು ಸಲ ಅಂದಾಗಿತ್ತು.

ಹುಮನಾಬಾದಿನಲ್ಲಿ ಅವತ್ತು ಸಂತೆಯಷ್ಟು ಮಂದಿ. ಅಶೋಕಕುಮಾರನ ಅಂಗಡಿಯ ಮುಂದೆ ಒಂದು ಖಾಸಗಿ ಶಾಲೆಯ ಕೇಶರಬಾಯಿ ಟೀಚರ್ ನಿಂತಿದ್ದರು. ಅವರ ಮಾತು ನನ್ನ ಕಿವಿಗೂ ಬಿತ್ತು: "ಸೋಮವಾರ ಹನ್ನೆರಡೂ ಕಂಪ್ಯೂಟರ್ ಕಳಸ್ತೀನ್ರಿ. ಇನ್ನ ಮ್ಯಾಲ ನಮ್ಮ ಸಾಲೀದು ಎಲ್ಲಾ ನೀವ ನೋಡ್ಕೊಬೇಕು." ಜಗದೇವಿಯ ಮುಖ ಅರಳಿತ್ತು. ಊರೂರು ಬಸ್ಸಿನಲ್ಲಿ ತಿರುಗುವ ಗಂಡನಿಗೆ ಒಂದೇ ಕಡೆ ವರ್ಷವಿಡೀ ಕೆಲಸ ಸಿಗುವುದೆಂದರೆ ಸಣ್ಣ ಮಾತಲ್ಲ.

ನಾನು ಡಬ್ಬಿಯನ್ನು ಧಡ್ಡೆಂದು ಗಾಜಿನ ಕೌಂಟರಿನ ಮೇಲಿಟ್ಟೆ. "ಲೇ ಅಶ್ಯಾ, ನನ್ನ ರ‍್ಯಾಮ್ ಎಲ್ಲಿ ಮಾರಿದಿ?"

ಅವನು ಹಿಂದಿನಿಂದ ಓಡಿಬಂದ. "ಏನ್ರಿ ಅಣ್ಣಾವ್ರೇ ಇದು?"

"ಒಳ್ಳೇ ಮಾಲ್ ತೆಗದು ಕೆಟ್ಟ ಮಾಲ್ ಹಾಕಿ ಕೊಡ್ತಿ. ಕಳ್ಳ ಧಂದಾ ಮಾಡ್ತಿ. ಹನ್ನೊಂದು ವರ್ಷದಾಗ ಹಿಂಗ ಎಷ್ಟ ತೆಗದೀಯೋ ಯಾರಿಗೆ ಗೊತ್ತು?"

ಮಂದಿ ಕೂಡಿತು. ಅವನು ತಗಡು ಬಿಚ್ಚಿ, ವೈರು ಕಿತ್ತು, ಸ್ಕ್ರೂಡ್ರೈವರ್ ತಾಗಿಸಿದ. ಮಷಿನ್ ಎದ್ದು ನಿಂತಿತು. "ನೋಡ್ರಿ, ನಡ್ಯಾಕತ್ತದಲ್ರಿ" ಎಂದ.

"ಇಲ್ಲಿ ಏಳೂದು ನನ್ನ ಕಡೆ ಯಾಕ ಏಳಂಗಿಲ್ಲ? ಅದನ್ನ ಹೇಳು ಮದಲ."

ಮಿಸ್ತ್ರಿಯಾದವನು ಹತ್ತು ಮಂದಿಯ ಮುಂದೆ ಉತ್ತರವಿಲ್ಲದೆ ನಿಂತರೆ ನೋಡಿದವರು ಅದಕ್ಕೆ ಒಂದೇ ಅರ್ಥ ಹಚ್ಚುತ್ತಾರೆ. ಕೇಶರಬಾಯಿ ಟೀಚರ್ ಪರ್ಸನ್ನು ಹೆಗಲಿಗೆ ಏರಿಸಿಕೊಂಡರು. "ಸೋಮವಾರದ್ದು ಸದ್ಯಕ್ಕ ಬ್ಯಾಡ್ರಿ. ನಾ ಫೋನ್ ಮಾಡ್ತೀನಿ" ಎಂದು ಹೊರಟರು. ಆ ಫೋನ್ ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಶೋಕಕುಮಾರ ಮಷಿನ್ ಮುಚ್ಚಿ ನನ್ನ ಮುಂದೆ ಸರಿಸಿದ. "ರ‍್ಯಾಮ್ ಮ್ಯಾಲ ನಂಬರ್ ಇರ್ತದರಿ. ನಿಮ್ಮ ಗ್ಯಾರಂಟಿ ಕಾರ್ಡಿನ್ಯಾಗೂ ಅದೇ ನಂಬರ್ ಅದ. ತಾಳೆ ಹಾಕಿ ನೋಡ್ರಿ" ಎಂದ. ಜಗದೇವಿ ಮಾತ್ರ ನನ್ನ ಮುಖವನ್ನು ನೆಟ್ಟಗೆ ನೋಡಿ, "ಹನ್ನೊಂದು ವರ್ಷದಾಗ ನಿಮ್ಮದು ಒಂದ ಸ್ಕ್ರೂ ಆದ್ರೂ ಕಡಿಮಿ ಆಗ್ಯಾದೇನ್ರಿ, ಅಣ್ಣಾವ್ರೇ?" ಎಂದು ಕೇಳಿದಳು. ನಾನು ಡಬ್ಬಿ ಎತ್ತಿಕೊಂಡು ಬಸ್ ಹತ್ತಿದೆ.

ಮನೆಗೆ ಬಂದು ಕಪಾಟೆಲ್ಲ ತಡಕಾಡಿ ಗ್ಯಾರಂಟಿ ಕಾರ್ಡ್ ಹುಡುಕಿದೆ. ತಗಡು ಬಿಚ್ಚಿ ಎರಡೂ ನಂಬರ್ ತಾಳೆ ಹಾಕಿದೆ. ಒಂದು ಅಂಕಿಯೂ ತಪ್ಪದಂತೆ ಅದೇ ನಂಬರ್. ನನ್ನದೇ ರ‍್ಯಾಮ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಗೊತ್ತಿದ್ದರೆ ಏನು ಬಂತು? ಶನಿವಾರ ಊಟ ಸೇರಲಿಲ್ಲ. ಭಾನುವಾರ ಅಂಗಡಿಗೆ ಹೋಗಿ ಬಾಗಿಲು ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಫೋನ್ ಕೈಗೆತ್ತಿಕೊಂಡು ಅವನ ಹೆಸರಿನವರೆಗೆ ಹೋಗಿ ವಾಪಸು ಬಂದೆ. ಕಳ್ಳನಲ್ಲ ಎಂದು ತಿಳಿಯಿತು, ಸರಿ. ಆದರೆ ಮಷಿನ್ ಯಾಕೆ ಬೀಳುತ್ತದೆ? ಅದು ತಿಳಿಯದೆ ಬರೀ ತಪ್ಪಾಯಿತು ಎಂದರೆ, ಹುಮನಾಬಾದಿನ ಮಂದಿ ಇವರಿಬ್ಬರೂ ಒಳಗೊಳಗೇ ರಾಜಿಯಾದರು ಎನ್ನುತ್ತಾರೆ. ಇನ್ನೊಂದು ಮಾತು ಮನಸ್ಸನ್ನು ಕೊರೆಯುತ್ತಿತ್ತು. ನಮ್ಮ ಜಾತಿಯ, ನಮ್ಮ ಬೀಗರ ಪೈಕಿ ಯಾರಾದರೂ ಆ ಮಷಿನ್ ಬಿಚ್ಚಿದ್ದರೆ, ಕಳವು ಎಂಬ ಮಾತು ನನ್ನ ನಾಲಿಗೆಗೆ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

ಸೋಮವಾರ ಮುಂಜಾನೆ ವಿಭೂತಿ ತೇಯ್ದು, ದಪ್ಪಗೆ ಎಳೆದು, ಬಟನ್ ಒತ್ತಿದೆ. ಗರ್ರೆಂದಿತು, ನಾಲ್ಕು ಎಣಿಸುವಷ್ಟರಲ್ಲಿ ಆರಿತು. ಏಟು ಹಾಕಲು ಕೈ ಎತ್ತಿದೆ, ಆದರೆ ಅವತ್ತು ಹೊಡೆಯುವಷ್ಟು ಸಿಟ್ಟೂ ಉಳಿದಿರಲಿಲ್ಲ. ಬಾಗಿಲಿನಲ್ಲಿ ನಿಂತಿದ್ದ ಬಂದೇನವಾಜ್ ಬಗ್ಗಿ ನೋಡಿದ.

"ಅಣ್ಣಾ, ನೀವು ಕೈ ತೆಗದ್ರೂ ಬಟನ್ ಹೊರಗ ಬರವಲ್ಲದಲ್ರಿ. ಒಳಗ ಸಿಕ್ಕೊಂಡು ಕುಂತದ."

ಬಗ್ಗಿ ನೋಡಿದೆ. ಹೌದು. ಬಟನ್ ಒಳಗೇ ಕುಳಿತಿತ್ತು. ಅದರ ಸುತ್ತಲಿನ ಸಂದಿಯಲ್ಲಿ ಏಳು ವರ್ಷದ ವಿಭೂತಿ ಗೋಡೆಗೆ ಬಳಿದ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು. ಬಟನ್ ಅನ್ನು ನಾಲ್ಕು ಸೆಕೆಂಡು ಒತ್ತಿಯೇ ಹಿಡಿದರೆ ಎಂಥ ಕಂಪ್ಯೂಟರೂ ಆರಿಹೋಗುತ್ತದೆ, ಅದು ನನಗೂ ಗೊತ್ತಿದ್ದ ಮಾತೇ. ನಾನು ಬೆರಳು ತೆಗೆಯುತ್ತಿದ್ದೆ, ನನ್ನ ವಿಭೂತಿ ತೆಗೆಯುತ್ತಿರಲಿಲ್ಲ. ಪ್ರತಿ ಸಲ ಸಿಟ್ಟಿನಲ್ಲಿ ನಾನು ಹಾಕಿದ ಏಟಿಗೆ, ಇಲ್ಲವೆ ಬಸ್ಸಿನ ಕುಲುಕಾಟಕ್ಕೆ, ಬಟನ್ ಸಡಿಲಾಗಿ ಹೊರಗೆ ಬರುತ್ತಿತ್ತು. ಅಶೋಕಕುಮಾರ ಒಳಗಿನಿಂದ ಎಬ್ಬಿಸಿದಾಗ ಅದರ ಗೊಡವೆಯೇ ಇರುತ್ತಿರಲಿಲ್ಲ. ಹೀಗಾಗಿ ಅವನ ಕೈಗೆ ಏಳುತ್ತಿತ್ತು, ನನ್ನ ಕೈಗೆ ಬೀಳುತ್ತಿತ್ತು.

ಪಿನ್ನಿನಿಂದ ಕೆರೆದೆ. ಬಿಳಿ ಚೂರುಗಳು ಮೇಜಿನ ಮೇಲೆ ಉದುರಿದವು. ಬಟನ್ ಟಕ್ಕೆಂದು ಹೊರಗೆ ಬಂತು. ಒತ್ತಿದೆ, ಮಷಿನ್ ಎದ್ದಿತು, ಎದ್ದೇ ಇತ್ತು. ಹತ್ತು ಸಲ ಆರಿಸಿ ಹತ್ತು ಸಲ ಎಬ್ಬಿಸಿದೆ. ರುಕ್ಮಿಣಿಬಾಯಿಯವರ ಪತ್ರಿಕೆಯನ್ನು ಅಚ್ಚು ಹಾಕಿ ಮುಗಿಸಿ, ಅವರು ಬಂದರೆ ಕೊಡು ಎಂದು ಬಂದೇನವಾಜ್‌ಗೆ ಹೇಳಿ, ಡಬ್ಬಿಯನ್ನು ಎತ್ತಿಕೊಂಡು ಮತ್ತೆ ಬಸ್ ಹತ್ತಿದೆ. ಆ ಹನ್ನೆರಡು ಮಷಿನ್ನು ಅಶೋಕಕುಮಾರನ ಅಂಗಡಿಗೆ ಬರಬೇಕಾಗಿದ್ದದ್ದು ಅವತ್ತೇ. ಬಸ್ಸು ನಿಂತ ಕಡೆಯೆಲ್ಲ ನನಗೆ ಇಳಿದು ಓಡಬೇಕೆನ್ನಿಸುತ್ತಿತ್ತು.

ಮೊದಲು ಶಾಲೆಗೆ ಹೋದೆ. ಕೇಶರಬಾಯಿ ಟೀಚರ್ ಎಲ್ಲವನ್ನೂ ಕೇಳಿಸಿಕೊಂಡರು, ಮುಖದಲ್ಲಿ ನಗು ಬರಲಿಲ್ಲ.

"ಬೀದರಿನ ರಿಪೇರಿಯವ್ರು ನಾಕಕ್ಕ ಬರ್ತಾರ, ಮಷಿನ್ ನೋಡಾಕ. ಅವ್ರಿಗೇ ಕೊಡೂದು ಅಂತ ಆಗ್ಯಾದ್ರಿ" ಎಂದರು.

"ಟೀಚರ್ರೇ, ಅವನದು ಏನೂ ತಪ್ಪಿಲ್ರಿ. ತಪ್ಪೆಲ್ಲಾ ನಂದು."

"ನನಗ್ಯಾಕ ಹೇಳಾಕತ್ತೀರಿ? ಎಲ್ಲಿ ನಿಂತು ಕಳ್ಳ ಅಂದ್ರಿ, ಅಲ್ಲೇ ನಿಂತು ಹೇಳ್ರಿ. ನಡೀರಿ, ನಾನೂ ಬರ್ತೀನಿ."

ಅಂಗಡಿಯ ಮುಂದೆ ನಿಂತು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ, ಬಟನ್ ತೋರಿಸಿ, ಚೀಟಿಯಲ್ಲಿ ಕಟ್ಟಿ ತಂದಿದ್ದ ವಿಭೂತಿಯ ಚೂರು ತೋರಿಸಿ. ಬೈಯುವಾಗ ಕೂಡಿದಷ್ಟು ಮಂದಿ ತಪ್ಪು ಒಪ್ಪಿಕೊಳ್ಳುವಾಗ ಕೂಡುವುದಿಲ್ಲ. ಬಾಳೆಹಣ್ಣಿನ ಗಾಡಿಯ ಚಂದಮ್ಮ, ಬಸ್ಸಿಗೆ ಕಾಯುತ್ತಿದ್ದ ಇಬ್ಬರು, ಅಷ್ಟೇ. ಅಶೋಕಕುಮಾರ ತಲೆ ತಗ್ಗಿಸಿ ಒಂದು ಸ್ಕ್ರೂವನ್ನು ಬಿಗಿಮಾಡುತ್ತ, ಮತ್ತೆ ಸಡಿಲಿಸುತ್ತ ನಿಂತಿದ್ದ.

ಟೀಚರ್ ಅವನ ಕಡೆ ತಿರುಗಿದರು. "ನೀವು ಕಳ್ಳ ಅಲ್ಲ, ಅದು ಆತು. ಆದ್ರ ಇನ್ನೊಂದು ಕೇಳ್ತೀನಿ. ನಾಕ ಸಲ ಈ ಮಷಿನ್ ನಿಮ್ಮ ಕೈಯಾಗ ಬಂತು. ಒಂದ ಸಲನೂ ಬಟನ್ ಒತ್ತಿ ನೋಡಲಿಲ್ಲೇನ್ರಿ? ಬಟನ್ ನೋಡದ ಮಿಸ್ತ್ರಿಗೆ ಹನ್ನೆರಡು ಮಷಿನ್ ಹ್ಯಾಂಗ ಕೊಡ್ಲಿ?"

ಅದು ನ್ಯಾಯದ ಪ್ರಶ್ನೆ. ನನಗೆ ಹೊಳೆದೇ ಇರಲಿಲ್ಲ. ಇಷ್ಟೆಲ್ಲ ಹೇಳಿಯೂ ಅವನ ಕೆಲಸ ಉಳಿಯಲಿಲ್ಲವಲ್ಲ ಎನ್ನಿಸಿತು. ಅಶೋಕಕುಮಾರ ಮತ್ತೆ ಆ ಸ್ಕ್ರೂ ತಿರುವತೊಡಗಿದ.

"ಹೇಳ್ರಿ" ಎಂದಳು ಜಗದೇವಿ. "ನೀವು ಹೇಳಲಿಲ್ಲಂದ್ರ ನಾ ಹೇಳ್ತೀನಿ."

"ಹಳೇ ಮಾತು. ಬಿಡು ಅದನ್ನ" ಎಂದ ಅವನು. ಹೆಂಡತಿ ಬಿಡಲಿಲ್ಲ. ಕೊನೆಗೆ ಟೀಚರ್ ಕಡೆ ನೋಡದೆ, ನನ್ನ ಕಡೆಯೂ ನೋಡದೆ, ಹೇಳಿದ.

"ಇವ್ರ ಕಡೆ ಹೋಗಾಕ ಹತ್ತಿ ಎರಡನೇ ವರ್ಷ ಇತ್ರಿ. ಬಸ್ಸಿನಿಂದ ಇಳದು ಹಂಗೇ ಆಗಿನ ಹಳೇ ಡಬ್ಬೀದು ಬಟನ್ ಒತ್ತಿದೆ. ಅದರ ಮ್ಯಾಲ ವಿಭೂತಿ ಇತ್ತು. ಅಣ್ಣಾವ್ರು ಗಿರಾಕಿ ಮುಂದ ಅಂದ್ರು, ದೇವರ ಮುಖಕ್ಕ ನಿನ್ನ ಕೈ ಹಚ್ಚಬ್ಯಾಡ ಅಂತ. ಅವತ್ತಿನಿಂದ ನಾ ಒಳಗಿಂದನೇ ಎಬ್ಬಸ್ತೀನ್ರಿ. ಇವ್ರದಷ್ಟೇ ಅಲ್ಲ, ಎಲ್ಲಾರದೂ. ಯಾರ ಮನ್ಯಾಗ ಏನ ಅಂತಾರೋ, ಯಾಕ ಬೇಕು ಅಂತ."

ನನಗೆ ನೆನಪೇ ಇರಲಿಲ್ಲ. ಅಂದದ್ದು ಸುಳ್ಳು ಎನ್ನುವಂತೆಯೂ ಇರಲಿಲ್ಲ, ಅದು ನನ್ನದೇ ಮಾತು, ನನ್ನದೇ ಬಾಯಿ. ಅಂದು ಮರೆತು ಆರಾಮಾಗಿ ಇದ್ದೆ. ಅವನು ಒಂಬತ್ತು ವರ್ಷ ಅದನ್ನು ಕೈಯಲ್ಲಿ ಹೊತ್ತು ಬಸ್ಸಿನಲ್ಲಿ ತಿರುಗಿದ. ಅದನ್ನೇ ನಾನು ಕೈಚಳಕ ಎಂದು ಮಂದಿಗೆ ತೋರಿಸಿದೆ.

ಕೇಶರಬಾಯಿ ಟೀಚರ್ ನನ್ನ ಕಡೆ ತಿರುಗಿದರು. "ನೀವು ಕಲ್ಯಾಣದವ್ರಲ್ರೀ?" ಎಂದರು, ಅಷ್ಟೇ. ಆಮೇಲೆ ಅಶೋಕಕುಮಾರನಿಗೆ, "ಬೀದರಿನವ್ರಿಗೆ ಬರಬ್ಯಾಡ್ರಿ ಅಂತ ಹೇಳ್ತೀನಿ. ಹನ್ನೆರಡೂ ನಾಳೆ ಬರ್ತಾವ. ನಮ್ಮ ಸಾಲ್ಯಾಗ ಎಲ್ಲಾ ಬಟನ್ನೂ ಒತ್ತ್ರಿ" ಎಂದು ಹೇಳಿ ಶಾಲೆಯ ಕಡೆ ನಡೆದರು. ಜಗದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು.

ನಾನು ಡಬ್ಬಿಯ ವೈರನ್ನು ಅವನ ಪ್ಲಗ್ಗಿಗೆ ಹಚ್ಚಿ, ಅದರ ಮುಖವನ್ನು ಅವನ ಕಡೆಗೆ ತಿರುಗಿಸಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಬಹುವಚನ ಹಚ್ಚಿದೆ. "ಒತ್ತ್ರಿ, ಅಶೋಕಕುಮಾರ. ನೀವೇ ಒತ್ತ್ರಿ."

ಅವನು ಬಟನ್ ನೋಡಿದ, ನನ್ನನ್ನು ನೋಡಿದ. ಸ್ಕ್ರೂಡ್ರೈವರ್ ಕೆಳಗಿಟ್ಟ.

"ತಡೀರಿ ಅಣ್ಣಾವ್ರೇ, ಕೈ ತೊಳಕೊಂಡು ಬರ್ತೀನಿ" ಎಂದು ಒಳಗೆ ಹೋದ.

ಹಿಂದೆ ಬಕೆಟ್ಟಿನಲ್ಲಿ ತಂಬಿಗೆ ಅದ್ದಿದ ಸಪ್ಪಳ ಕೇಳಿಸಿತು. ಬೇಡ, ಹಾಗೇ ಬರ್ರಿ ಎಂದು ನಾನು ಕೂಗಬೇಕಿತ್ತು. ಬಟನ್ನಿನ ಸಂದಿಯಲ್ಲಿ ಉಳಿದಿದ್ದ ಬಿಳಿಯನ್ನು ಉಗುರಿನಿಂದ ಕೆರೆಯುತ್ತ ನಿಂತೆ.